ನೆಲದೊಳಗೆ ನೀರು ಸೋರುತ್ತಿದೆಯಾ? ಅಗೆಯುವ ಮೊದಲು ವಾಲ್ವ್ ಮುಚ್ಚಿ ನೋಡಿ

ಪ್ರಶ್ನೆ: ಸರ್, ನಮ್ಮದು ಬೆಂಗಳೂರಿನ ನಾಗರಬಾವಿಯಲ್ಲಿ 30×40 ಸೈಟಿನ ಮನೆ, ಕಟ್ಟಿಸಿ 22 ವರ್ಷ ಆಯಿತು. ಮನೆಯಲ್ಲಿ ನಾಲ್ಕು ಜನ. ಕಾವೇರಿ ನೀರು ದಿನ ಬಿಟ್ಟು ದಿನ ಸುಮಾರು ನಾಲ್ಕು ಗಂಟೆ ಬರುತ್ತದೆ, ಬೋರ್ ಇಲ್ಲ. ತಿಂಗಳಿಗೆ 18 ಸಾವಿರ ಲೀಟರ್ ಇರುತ್ತಿದ್ದ ಬಳಕೆ ಎರಡು ತಿಂಗಳಿಂದ 36 ಸಾವಿರ ತೋರಿಸುತ್ತಿದೆ, ಬಿಲ್ಲು ಹೆಚ್ಚುಕಮ್ಮಿ ಮೂರು ಪಟ್ಟಾಗಿದೆ. ಎಲ್ಲೂ ತೇವ ಕಾಣಿಸುತ್ತಿಲ್ಲ. ಮೀಟರಿನಿಂದ ಸಂಪಿಗೆ ಬರುವ ಹಳೇ ಜಿಐ (ಕಬ್ಬಿಣದ) ಪೈಪು ಹೋಗಿದೆ, ಪೋರ್ಟಿಕೋ ಟೈಲ್ಸ್ ಪೂರ್ತಿ ಒಡೆದು ಹೊಸ ಲೈನ್ ಹಾಕಬೇಕು ಅಂತ ಪ್ಲಂಬರ್ ಹೇಳುತ್ತಿದ್ದಾರೆ. ಒಡೆಯದೆ ಪತ್ತೆ ಮಾಡೋಕೆ ದಾರಿ ಇದೆಯಾ?

ಉತ್ತರ: ಇದೆ. ಇನ್ನೊಂದು ವಾರ ಟೈಲ್ಸ್ ಮುಟ್ಟಬೇಡಿ ಅಂತ ಪ್ಲಂಬರ್‌ಗೆ ಹೇಳಿಬಿಡಿ. ನೀವು ಕೊಟ್ಟ ಲೆಕ್ಕವನ್ನೇ ಇಟ್ಟುಕೊಂಡು ನೋಡಿದರೆ ಅವರು ಹೇಳುತ್ತಿರುವ ಪೈಪಿನ ಮೇಲೆ ನನಗೆ ಅನುಮಾನ ಕಮ್ಮಿ. ಯಾಕೆ ಅಂತ ಮೊದಲು ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ತಿಂಗಳಿಗೆ 18 ಸಾವಿರ ಲೀಟರ್ ಹೆಚ್ಚಿಗೆ ಹೋಗುತ್ತಿದೆ. ದಿನಕ್ಕೆ 600 ಲೀಟರ್. ಮೀಟರಿನಿಂದ ಸಂಪಿನವರೆಗಿನ ಪೈಪಿನಲ್ಲಿ ನೀರು ಒತ್ತಡದಲ್ಲಿ ಇರುವುದು ನೀರು ಬಿಟ್ಟಾಗ ಮಾತ್ರ, ಅಂದರೆ ದಿನ ಬಿಟ್ಟು ದಿನ ನಾಲ್ಕು ಗಂಟೆ. ಆ ಪೈಪೇ ಸೋರುತ್ತಿದ್ದರೆ ಎರಡು ದಿನದ 1200 ಲೀಟರ್ ಆ ನಾಲ್ಕು ಗಂಟೆಯಲ್ಲೇ ಹೋಗಬೇಕು. ನಿಮಿಷಕ್ಕೆ 5 ಲೀಟರ್ ಆಯಿತು. ಅದು ನಲ್ಲಿಯನ್ನು ಅರ್ಧ ತಿರುಗಿಸಿ ಬಿಟ್ಟ ಹಾಗೆ. ಅಷ್ಟು ನೀರು ಪೋರ್ಟಿಕೋ ಕೆಳಗೆ ಎರಡು ತಿಂಗಳು ಹರಿದರೆ ಎಲ್ಲಾದರೂ ಒಂದು ಕಡೆ ಗೇಟಿನ ಹತ್ತಿರವೋ, ಚರಂಡಿ ಗೋಡೆಯಲ್ಲೋ ಹೊರಗೆ ಬರುತ್ತದೆ, ಇಲ್ಲದಿದ್ದರೆ ಟೈಲ್ಸ್ ಕುಸಿಯುತ್ತದೆ. ಅದೇ 600 ಲೀಟರ್ 24 ಗಂಟೆಯೂ ಸೋರುತ್ತಿದ್ದರೆ ಗಂಟೆಗೆ 25 ಲೀಟರ್, ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಮ್ಮಿ. ಒಂದು ಸಣ್ಣ ಧಾರೆ ಅಷ್ಟೇ. ಅದನ್ನು ಮಣ್ಣು ಸದ್ದಿಲ್ಲದೆ ಕುಡಿದುಬಿಡುತ್ತದೆ, ಮೇಲೆ ತೇವವೇ ಕಾಣಿಸುವುದಿಲ್ಲ. ನಿಮ್ಮ ಮನೆಯ ಲಕ್ಷಣ ಇದಕ್ಕೆ ಜಾಸ್ತಿ ಹೊಂದುತ್ತದೆ. ದಿನವಿಡೀ ನೀರು ನಿಂತಿರುವ ಜಾಗಗಳು ಯಾವುವು? ಸಂಪು, ಮೇಲಿನ ಟ್ಯಾಂಕು, ಟ್ಯಾಂಕಿನಿಂದ ಇಳಿಯುವ ಲೈನುಗಳು, ಮತ್ತೆ ಫ್ಲಶ್. ಹುಡುಕಾಟ ಅಲ್ಲಿಂದ ಶುರುವಾಗಲಿ.

ಅದಕ್ಕೂ ಮುಂಚೆ ಐದು ನಿಮಿಷದ ಒಂದು ಕೆಲಸ ಇದೆ. ಬಿಲ್ಲಿನಲ್ಲಿರುವ ರೀಡಿಂಗನ್ನು ಮೀಟರಿನ ರೀಡಿಂಗ್ ಜೊತೆ ಹೋಲಿಸಿ ನೋಡಿ. ಗೇಟು ಹಾಕಿದ್ದಾಗ ರೀಡರ್ ಬಂದು ಹೋಗಿದ್ದರೆ ಸರಾಸರಿ ಬಿಲ್ಲು ಬಂದಿರಬಹುದು. ಬಿಲ್ಲು ಮೂರು ಪಟ್ಟಾಗಿದ್ದಕ್ಕೆ ಗಾಬರಿ ಬೀಳಬೇಡಿ, ನೀರು ದುಪ್ಪಟ್ಟಾದರೆ ಬಿಲ್ಲು ಅದಕ್ಕಿಂತ ಜಾಸ್ತಿ ಏರುತ್ತದೆ. ಬಳಕೆ ಹೆಚ್ಚಿದಂತೆ ದರವೂ ಮೇಲಿನ ಹಂತಕ್ಕೆ ಹೋಗುತ್ತದಲ್ಲ. 2025ರಲ್ಲಿ ದರ ಬದಲಾಗುವವರೆಗೆ ಮೊದಲ 8 ಸಾವಿರ ಲೀಟರಿಗೆ ಸಾವಿರಕ್ಕೆ 7 ರೂಪಾಯಿ, 25 ಸಾವಿರದವರೆಗೆ 11, ಆಮೇಲೆ 50 ಸಾವಿರದವರೆಗೆ 26 ಇತ್ತು. ಆ ಲೆಕ್ಕದಲ್ಲೇ 18 ಸಾವಿರಕ್ಕೆ ನೀರಿನ ಬಾಬ್ತು 166 ರೂಪಾಯಿ, 36 ಸಾವಿರಕ್ಕೆ 529 ಆಗುತ್ತದೆ. ಈಗಿನ ದರ ಬೇರೆ, ಏರುವ ಕ್ರಮ ಹಾಗೇ ಇದೆ.

ಮೀಟರನ್ನು ಓದೋದು ಹೇಗೆ ಅಂತಲೂ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದೆ ಬೇಕಾಗುತ್ತದೆ. ಕಪ್ಪು ಅಂಕಿಗಳು ಸಾವಿರ ಲೀಟರಿನ ಲೆಕ್ಕ. ಕೆಳಗಡೆ ಕೆಂಪು ಮುಳ್ಳಿನ ಪುಟ್ಟ ಪುಟ್ಟ ವೃತ್ತಗಳು ಇರುತ್ತವೆ. ಅದರಲ್ಲಿ 0.0001 ಅಂತ ಬರೆದಿರುವ ವೃತ್ತದ ಮುಳ್ಳು ಒಂದು ಸುತ್ತು ಬಂದರೆ ಒಂದು ಲೀಟರ್ ಹೋಯಿತು ಅಂತ ಅರ್ಥ. ನಡುವೆ ನಕ್ಷತ್ರದ ಆಕಾರದ ಒಂದು ಚಕ್ರ ಇರುತ್ತದೆ, ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹರಿವಿಗೂ ಅಲುಗುತ್ತದೆ. ಗಾಜಿನ ಮೇಲೆ ಮಣ್ಣು ಕೂತಿರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಹಾಕಿ ನೋಡಿ.

ಈಗ ಮೊದಲ ಪರೀಕ್ಷೆ, ಫ್ಲಶ್. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಮನೆಯಲ್ಲಿ ಮೂರು ಕಡೆ ನೆಲ ಅಗೆಸಿದ್ದೆ. ಮೂರೂ ಗುಂಡಿ ಒಣಗಿತ್ತು. ಕೊನೆಗೆ ನೋಡಿದರೆ ಮೇಲಿನ ಮಹಡಿಯ ಕಮೋಡಿನ ಹಿಂಭಾಗದಲ್ಲಿ ದಾರದಷ್ಟು ನೀರು ಸದಾ ಇಳಿಯುತ್ತಿತ್ತು. ಆ ಮನೆಯವರಿಗೆ ಆದ ಖರ್ಚು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ, ಹಾಗಾಗಿ ಯಾರೇ ಕೇಳಿದರೂ ಮೊದಲು ಫ್ಲಶ್ ಅಂತೀನಿ. ರಾತ್ರಿ ಮಲಗುವ ಮುಂಚೆ ಎಲ್ಲ ಫ್ಲಶ್ ಟ್ಯಾಂಕಿಗೂ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಡಿ, ಫ್ಲಶ್ ಮಾಡಬೇಡಿ. ಬೆಳಿಗ್ಗೆ ಕಮೋಡಿನ ನೀರು ನೀಲಿಯಾಗಿದ್ದರೆ ಒಳಗಿನ ರಬ್ಬರ್ ವಾಷರ್ ಹೋಗಿದೆ. ಗೋಡೆಯೊಳಗಿನ ಟ್ಯಾಂಕಾದರೆ ಕಮೋಡಿನ ಒಳಗೋಡೆಯನ್ನು ಒರೆಸಿ ಒಣಗಿಸಿ ಟಿಶ್ಯೂ ಕಾಗದ ಅಂಟಿಸಿ ಅರ್ಧ ಗಂಟೆ ಬಿಡಿ. ಒದ್ದೆಯಾದರೆ ಉತ್ತರ ಸಿಕ್ಕಿತು. ದಿನಕ್ಕೆ 600 ಲೀಟರ್ ಒಂದು ಕೆಟ್ಟ ಫ್ಲಶ್ಶಿಗೆ ದೊಡ್ಡ ವಿಷಯವೇ ಅಲ್ಲ.

ಫ್ಲಶ್ ಸರಿ ಇದ್ದರೆ ಮುಂದಿನ ರಾತ್ರಿ ದೊಡ್ಡ ಪರೀಕ್ಷೆ. ನೀರು ಬಿಡದ ದಿನವನ್ನೇ ಆರಿಸಿಕೊಳ್ಳಿ. ರಾತ್ರಿ ಹತ್ತಕ್ಕೆ ಎಲ್ಲರೂ ಬೇಕಾದ ನೀರು ಬಕೆಟ್ಟಿನಲ್ಲಿ ಹಿಡಿದಿಟ್ಟುಕೊಳ್ಳಲಿ, ಬೆಳಿಗ್ಗೆ ಆರರವರೆಗೆ ಯಾರೂ ನಲ್ಲಿ ತಿರುಗಿಸಬಾರದು, ಫ್ಲಶ್ ಒತ್ತಬಾರದು. ಮೋಟಾರಿನ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಿ, ಆಟೋಮ್ಯಾಟಿಕ್ ಇದ್ದರೆ ಮೇನ್ ಆಫ್ ಮಾಡಿ. ಸಂಪಿಗೆ ಬರುವ ವಾಲ್ವ್ ಮುಚ್ಚಿ. ಒಂದು ಉದ್ದ ಮರದ ಪಟ್ಟಿಯನ್ನು ಸಂಪಿನ ತಳಕ್ಕೆ ತಾಗುವ ಹಾಗೆ ನೆಟ್ಟಗೆ ಇಳಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ. ಮೇಲಿನ ಟ್ಯಾಂಕಿಗೂ ಹಾಗೇ ಮಾಡಿ. ಸಂಪಿನೊಳಗೆ ಇಳಿಯಬೇಡಿ, ಮೇಲಿನಿಂದಲೇ ಅಳೆಯಿರಿ. ಮುಚ್ಚಿದ ಸಂಪಿನಲ್ಲಿ ಗಾಳಿ ಕೆಟ್ಟಿರುತ್ತದೆ, ಒಬ್ಬರೇ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ, ಅವರನ್ನು ಎತ್ತಲು ಹೋದವರೂ ಹೋಗಿದ್ದಾರೆ.

ಸಂಪಿನಲ್ಲಿ ಒಂದು ಇಂಚು ಅಂದರೆ ಎಷ್ಟು ಲೀಟರ್ ಅಂತ ಕಂಡುಹಿಡಿಯೋಕೆ ಉದ್ದ ಅಗಲಗಳನ್ನು ಅಡಿಯಲ್ಲಿ ಗುಣಿಸಿ, ಅದನ್ನು 2.36ರಿಂದ ಗುಣಿಸಿ. 8 ಅಡಿ ಉದ್ದ 5 ಅಡಿ ಅಗಲದ ಸಂಪಾದರೆ ಇಂಚಿಗೆ ಸುಮಾರು 94 ಲೀಟರ್. ಗಂಟೆಗೆ 25 ಲೀಟರಿನಂತೆ ಎಂಟು ಗಂಟೆಗೆ 200 ಲೀಟರ್ ಹೋದರೆ ಸಂಪಿನಲ್ಲಿ ಎರಡು ಇಂಚು ಇಳಿದಿರಬೇಕು, ಅಥವಾ 1000 ಲೀಟರ್ ಟ್ಯಾಂಕಿನಲ್ಲಿ ಐದನೇ ಒಂದು ಭಾಗ ಖಾಲಿ ಆಗಿರಬೇಕು. ಎರಡೂ ಕಣ್ಣಿಗೆ ಚೆನ್ನಾಗಿ ಕಾಣುವಷ್ಟು ದೊಡ್ಡದೇ.

ಬೆಳಿಗ್ಗೆ ಎರಡೂ ಗೆರೆ ನೋಡಿದರೆ ಮನೆ ತಾನೇ ಹೇಳುತ್ತದೆ. ಸಂಪು ಇಳಿದು ಟ್ಯಾಂಕು ಹಾಗೇ ಇದ್ದರೆ ಸಂಪೇ ಸೋರುತ್ತಿದೆ, ಇಲ್ಲವೇ ಮೋಟಾರು ಹೊರಗಿದ್ದರೆ ಸಂಪಿನಿಂದ ಅದಕ್ಕೆ ಹೋಗುವ ಪೈಪಿನ ಬುಡ ನೋಡಬೇಕು. ಟ್ಯಾಂಕು ಇಳಿದು ಸಂಪು ಏರಿದ್ದರೆ ನೀರು ಎಲ್ಲೂ ಹೋಗಿಲ್ಲ, ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಹಿಡಿಯದೆ ಮೇಲಿನ ನೀರು ಮೋಟಾರ್ ಲೈನಿನಲ್ಲೇ ವಾಪಸ್ ಸಂಪಿಗೆ ಇಳಿದಿದೆ. ಇದರಿಂದ ಕರೆಂಟ್ ಬಿಲ್ಲು ಏರುತ್ತದೆಯೇ ಹೊರತು ನೀರಿನ ಬಿಲ್ಲು ಏರಲ್ಲ. ಟ್ಯಾಂಕು ಮಾತ್ರ ಇಳಿದು ಸಂಪು ಇದ್ದಲ್ಲೇ ಇದ್ದರೆ ಟ್ಯಾಂಕಿನಿಂದ ಇಳಿಯುವ ಲೈನುಗಳಲ್ಲಿ ಸೋರಿಕೆ. ಎರಡೂ ಅಲುಗದೆ ನಿಂತಿದ್ದರೆ, ಆಗ ಮಾತ್ರ ನಿಮ್ಮ ಪ್ಲಂಬರ್ ಹೇಳಿದ ಪೈಪಿನ ಕಡೆ ಹೋಗೋಣ.

ಸಂಪು ಸೋರುತ್ತಿದೆ ಅಂತ ಬಂದರೆ ವಾಲ್ವ್ ಮುಚ್ಚಿಯೇ ಇನ್ನೂ ಎರಡು ದಿನ ಅಳೆಯಿರಿ. ಮಟ್ಟ ಇಳಿಯುತ್ತಾ ಇಳಿಯುತ್ತಾ ಒಂದು ಜಾಗದಲ್ಲಿ ನಿಂತುಬಿಟ್ಟರೆ ಬಿರುಕು ಅದೇ ಎತ್ತರದಲ್ಲಿದೆ. ಬಹಳ ಸಲ ಅದು ಪೈಪು ಗೋಡೆಯನ್ನು ತೂರಿ ಬರುವ ಜಾಗವೇ ಆಗಿರುತ್ತದೆ, ಸುತ್ತಲಿನ ಸಿಮೆಂಟ್ ಬಿಟ್ಟಿರುತ್ತದೆ. ನಿಲ್ಲದೆ ಇಳಿಯುತ್ತಲೇ ಇದ್ದರೆ ತಳ. ಇದನ್ನು ಸುಮ್ನೆ ಬಿಡಬೇಡಿ, ಯಾಕಂದ್ರೆ ನೀರು ಹೊರಗೆ ಹೋಗುವ ದಾರಿಯಲ್ಲೇ ಮಳೆಗಾಲದಲ್ಲಿ ಹೊರಗಿನ ನೀರು ಒಳಗೆ ಬರುತ್ತದೆ. 30×40 ಸೈಟಿನಲ್ಲಿ ಸ್ಯಾನಿಟರಿ ಚೇಂಬರ್ ಸಂಪಿನಿಂದ ಎಷ್ಟು ದೂರ ಇರುತ್ತದೆ, ನೀವೇ ನೋಡಿ.

ನನ್ನ ಅನುಭವದಲ್ಲಿ ನಿಮ್ಮಂಥ ಹಳೇ ಮನೆಗಳಲ್ಲಿ ಜಾಸ್ತಿ ಸಿಕ್ಕಿಬೀಳುವುದು ಟ್ಯಾಂಕಿನಿಂದ ಇಳಿಯುವ ಲೈನು. ಅದರಲ್ಲೂ ಎಲ್ಲರೂ ಮರೆತಿರುವ ಒಂದು ಕವಲು. ಕಟ್ಟುವಾಗ ಮುಂದಿನ ಗಿಡಗಳಿಗೆ, ಕಾರು ತೊಳೆಯೋಕೆ ಅಂತ ಒಂದು ನಲ್ಲಿ ಕೊಟ್ಟಿರುತ್ತಾರೆ. ಅದಕ್ಕೆ ಅರ್ಧ ಇಂಚಿನ ಜಿಐ ಪೈಪು ಮನೆಯ ಪಕ್ಕದ ಓಣಿಯಲ್ಲಿ ನೆಲದೊಳಗೆ ಹೋಗಿರುತ್ತದೆ. ಮೇಲೆ ಸಿಮೆಂಟ್ ಹಾಕಿ ಅದರ ನೆನಪೇ ಇರುವುದಿಲ್ಲ. ಜಿಐ ಪೈಪಿಗೆ ಸತುವಿನ ಲೇಪ ಇರುತ್ತದೆ, ಆದರೆ ಜೋಡಿಸೋಕೆ ಅಂತ ಮರೆ (ಥ್ರೆಡ್) ಕೊಯ್ದ ಜಾಗದಲ್ಲಿ ಆ ಲೇಪ ಹೋಗಿ ಪೈಪೂ ತೆಳ್ಳಗಾಗಿರುತ್ತದೆ. ತುಕ್ಕು ಮೊದಲು ಹಿಡಿಯುವುದೇ ಅಲ್ಲಿ, ಕಪ್ಲಿಂಗ್ ಮತ್ತೆ ಎಲ್ಬೋಗಳ ಬುಡದಲ್ಲಿ.

ಇದನ್ನು ಬಿಡಿಸೋದು ಸುಲಭ. ಟ್ಯಾಂಕಿನ ಬುಡದಲ್ಲಿ ಅಡುಗೆಮನೆಗೆ, ಬಚ್ಚಲಿಗೆ, ಸೋಲಾರಿಗೆ ಅಂತ ಎರಡು ಮೂರು ವಾಲ್ವ್ ಇರುತ್ತವೆ. ಮೊದಲ ರಾತ್ರಿ ಎಲ್ಲವನ್ನೂ ಮುಚ್ಚಿ. ಮಟ್ಟ ನಿಂತರೆ ಟ್ಯಾಂಕು ಸರಿ ಇದೆ. ಆಮೇಲೆ ರಾತ್ರಿಗೆ ಒಂದೊಂದನ್ನೇ ತೆರೆದಿಟ್ಟು ನೋಡಿ. ಯಾವುದು ತೆರೆದಾಗ ಮಟ್ಟ ಇಳಿಯಿತೋ ಅದೇ ಲೈನ್. ಒಂದು ಎಚ್ಚರಿಕೆ: ಇಪ್ಪತ್ತು ವರ್ಷ ತಿರುಗಿಸದ ಗೇಟ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಮುಚ್ಚಿದ ಮೇಲೆ ಆ ಲೈನಿನ ತೀರಾ ಕೆಳಗಿನ ನಲ್ಲಿ ತೆಗೆದು ಒಂದು ಮಗ್ ಇಡಿ. ಪೈಪಿನಲ್ಲಿದ್ದ ನೀರು ಇಳಿದು ಹೋದ ಮೇಲೂ ತೊಟ್ಟಿಕ್ಕುತ್ತಿದ್ದರೆ ಮೊದಲು ವಾಲ್ವ್ ಬದಲಾಯಿಸಿ. ವಾಲ್ವ್ ಸುಳ್ಳು ಹೇಳಿದರೆ ಇಡೀ ಪರೀಕ್ಷೆಯೇ ಸುಳ್ಳಾಗುತ್ತದೆ. ವಾಲ್ವ್ ಬದಲಾಯಿಸೋ ಖರ್ಚು ಟೈಲ್ಸಿನ ಖರ್ಚಿನ ಮುಂದೆ ಏನೂ ಅಲ್ಲ.

ಲೈನ್ ಗೊತ್ತಾದ ಮೇಲೆ ಜಾಗ ಹುಡುಕಬೇಕು. ಇಲ್ಲಿ ಅವಸರ ಬೇಡ. ಬೆಳಗಿನ ಜಾವ ಬರಿಗಾಲಲ್ಲಿ ಆ ಓಣಿಯಲ್ಲಿ ನಿಧಾನ ನಡೆಯಿರಿ. ತೇವ ಇರುವ ಕಡೆ ನೆಲ ಹೆಚ್ಚು ತಣ್ಣಗಿರುತ್ತದೆ. ಸೋಲಾರ್ ಬಿಸಿನೀರಿನ ಲೈನ್ ಆದರೆ ಬೆಚ್ಚಗಿರುತ್ತದೆ. ಗೋಡೆ ಮತ್ತು ನೆಲ ಸೇರುವ ಸಂದಿಯಲ್ಲಿ ಪಾಚಿ ಇದೆಯಾ, ಬಿಳೀ ಉಪ್ಪು ಹೂವಿನ ಹಾಗೆ ಎದ್ದಿದೆಯಾ, ಬೇಸಿಗೆಯಲ್ಲೂ ಒಂದೇ ಕಡೆ ಹುಲ್ಲು ಹಸಿರಾಗಿದೆಯಾ ನೋಡಿ. ಟೈಲ್ಸನ್ನು ರೂಪಾಯಿ ನಾಣ್ಯದಿಂದ ತಟ್ಟುತ್ತಾ ಹೋಗಿ, ಕೆಳಗಿನ ಮಣ್ಣು ಕೊಚ್ಚಿ ಹೋಗಿದ್ದರೆ ಟೊಳ್ಳು ಸದ್ದು ಬರುತ್ತದೆ. ಒಂದು ಮನೆಯಲ್ಲಿ ನಮಗೆ ದಾರಿ ತೋರಿಸಿದ್ದು ಕರಿಬೇವಿನ ಗಿಡ. ಏಪ್ರಿಲ್ ತಿಂಗಳು, ಅಂಗಳದ ದಾಸವಾಳ ಬಾಡಿ ನಿಂತಿತ್ತು, ಎರಡು ಮಾರು ಆಚೆ ಕರಿಬೇವು ಮಾತ್ರ ಎಳೇ ಚಿಗುರು ಬಿಟ್ಟುಕೊಂಡು ನಳನಳಿಸುತ್ತಿತ್ತು. ಮನೆಯ ಅಮ್ಮ ಅದಕ್ಕೆ ನೀರು ಹಾಕಿ ತಿಂಗಳಾಯಿತು ಅಂದರು. ಬುಡದಿಂದ ಒಂದು ಅಡಿ ದೂರದಲ್ಲಿ ಅಗೆದರೆ ಎಲ್ಬೋ ಸಿಕ್ಕಿತು. ಬೇರಿನ ಜಾಲ ಅದನ್ನು ಸುತ್ತಿಕೊಂಡಿತ್ತು, ಮರೆಯ ಹತ್ತಿರ ಸೂಜಿಮೊನೆಯಷ್ಟು ತೂತು.

ಹೀಗೂ ಸಿಗದಿದ್ದರೆ ಪ್ಲಂಬರ್ ಹತ್ತಿರ ಕೈಯಲ್ಲಿ ಒತ್ತುವ ಪ್ರೆಶರ್ ಟೆಸ್ಟಿಂಗ್ ಪಂಪ್ ಇರುತ್ತದೆ, ಬಾಡಿಗೆಗೂ ಸಿಗುತ್ತದೆ. ಲೈನಿನ ಒಂದು ತುದಿಗೆ ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಿ ಇನ್ನೊಂದು ತುದಿಗೆ ಪಂಪ್ ಜೋಡಿಸಿ ನೀರು ತುಂಬಿ ಒತ್ತಬೇಕು. ಟ್ಯಾಂಕಿನಿಂದ ಇಳಿಯುವ ನೀರಿಗೆ ಒತ್ತಡ ಬಹಳ ಕಮ್ಮಿ, 33 ಅಡಿ ಎತ್ತರದಿಂದ ಇಳಿದರೂ ಚದರ ಸೆಂಟಿಮೀಟರಿಗೆ 1 ಕೆಜಿ ಅಷ್ಟೇ, ಅಷ್ಟಕ್ಕೆ ಸೋರುವ ಜಾಗದಲ್ಲಿ ಸದ್ದೇ ಬರಲ್ಲ. 3-4 ಕೆಜಿ ಒತ್ತಿದರೆ ಸ್ಸ್ ಅಂತ ಶುರುವಾಗುತ್ತದೆ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ನೆಲಕ್ಕೋ ಪೈಪಿಗೋ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕೇಳಿ. ರಾತ್ರಿ ಎರಡರಿಂದ ನಾಲ್ಕರ ಒಳಗೆ ಒಳ್ಳೇದು, ಬೀದಿಯಲ್ಲಿ ಗಾಡಿ ಓಡಾಟ ಇರಲ್ಲ. ಜಿಐ ಪೈಪು ಸದ್ದನ್ನು ದೂರ ಸಾಗಿಸುತ್ತದೆ, ಪಿವಿಸಿ ಸಾಗಿಸಲ್ಲ, ಪಿವಿಸಿ ಆದರೆ ಅಡಿ ಅಡಿಗೂ ಇಟ್ಟು ಕೇಳಬೇಕು. ಹಳೇ ಪೈಪಿಗೆ ಜಾಸ್ತಿ ಒತ್ತಬೇಡಿ, ಇದ್ದ ತೂತಿನ ಜೊತೆ ಇನ್ನೆರಡು ಬೀಳುತ್ತವೆ. ಕಂಪ್ರೆಸರ್ ತಂದು ಗಾಳಿ ತುಂಬಿಸೋಣ ಅಂತ ಯಾರಾದರೂ ಅಂದರೆ ಒಪ್ಪಲೇಬೇಡಿ. ಪಿವಿಸಿ ಪೈಪು ಗಾಳಿಯ ಒತ್ತಡಕ್ಕೆ ಒಡೆದರೆ ಚೂರುಗಳು ಸಿಡಿಯುತ್ತವೆ. ಸದ್ದು ಹಿಡಿಯುವ ಯಂತ್ರ ತರುವವರು, ಪೈಪಿಗೆ ಗ್ಯಾಸ್ ಬಿಟ್ಟು ಮೇಲೆ ಮೂಸುವ ಯಂತ್ರ ತರುವವರೂ ಈಗ ಊರಿನಲ್ಲಿದ್ದಾರೆ. ಕರೆಸಬಹುದು, ಆದರೆ ಯಾವ ಲೈನ್ ಅಂತ ನೀವು ಮೊದಲೇ ಖಚಿತ ಮಾಡಿಕೊಂಡಿದ್ದರೆ ಅವರ ಕೆಲಸ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ.

ಸಂಪು, ಟ್ಯಾಂಕು ಎರಡೂ ಅಲುಗದಿದ್ದರೆ ಮೋಟಾರ್ ಲೈನಿನ ಬಗ್ಗೆ ಒಂದು ಮಾತು: ಅದು ಸೋರೋದು ಮೋಟಾರು ಓಡುವಾಗ, ಹಾಗಾಗಿ ಟ್ಯಾಂಕು ತುಂಬೋಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆಯಾ ಗಮನಿಸಿ. ಇಲ್ಲ ಅಂದರೆ ನೀರು ಬಿಡುವ ದಿನ ಸಂಪಿನ ಮುಚ್ಚಳ ತೆಗೆದು ಪಕ್ಕದಲ್ಲೇ ಕೂರಿ. ಮೊದಲು ಬಾಲ್ ಕಾಕ್ (ತೇಲುವ ಚೆಂಡಿನ ವಾಲ್ವ್) ನೋಡಿ. ಸಂಪು ತುಂಬಿದ ಮೇಲೂ ಅದು ನೀರು ನಿಲ್ಲಿಸದಿದ್ದರೆ ಓವರ್‌ಫ್ಲೋ ಪೈಪಿನಲ್ಲಿ ನೀರು ನೇರ ಚೇಂಬರಿಗೆ ಹೋಗುತ್ತಿರುತ್ತದೆ, ಹೊರಗೆ ಒಂದು ಹನಿಯೂ ಕಾಣಿಸಲ್ಲ. ನಾಲ್ಕು ಗಂಟೆಯಲ್ಲಿ 1200 ಲೀಟರ್ ಗೊತ್ತಾಗದೆ ಮಾಯವಾಗಬೇಕಾದರೆ ನನಗೆ ಮೊದಲು ಅನುಮಾನ ಬರುವುದು ಇದರ ಮೇಲೆ. ಅದು ಸರಿ ಇದ್ದರೆ ಸಂಪಿನ ಬಾಯಿಯಲ್ಲಿರುವ ವಾಲ್ವ್ ಮುಚ್ಚಿ ಮೀಟರಿನ ಹತ್ತಿರ ಹೋಗಿ. ನೀರು ಬಂದ ಮೊದಲ ಹತ್ತು ನಿಮಿಷದ ರೀಡಿಂಗ್ ನಂಬಬೇಡಿ. ಖಾಲಿ ಪೈಪಿನ ಗಾಳಿ ಮುಂದೆ ನುಗ್ಗುವಾಗ ಮೀಟರು ಅದಕ್ಕೂ ತಿರುಗುತ್ತದೆ. ಆಮೇಲೂ ಆ ಕೆಂಪು ಮುಳ್ಳು ಸುತ್ತುತ್ತಿದ್ದರೆ ಸೋರಿಕೆ ಮೀಟರಿಗೂ ಸಂಪಿಗೂ ನಡುವೆ ಇದೆ. 12 ಸೆಕೆಂಡಿಗೆ ಒಂದು ಸುತ್ತು ಬಂದರೆ ನಿಮಿಷಕ್ಕೆ 5 ಲೀಟರ್, ನಿಮ್ಮ ಬಿಲ್ಲಿನ ಲೆಕ್ಕ ಅಲ್ಲಿಗೆ ಸರಿಹೋಯಿತು. ಮುಳ್ಳು ಕದಲದೆ ನಿಂತಿದ್ದರೆ ಆ ಪೈಪು ಗಟ್ಟಿಯಾಗಿದೆ, ಟೈಲ್ಸ್ ಒಡೆಯೋ ಮಾತೇ ಬೇಡ.

ಆ ಪೈಪೇ ಹೋಗಿದೆ ಅಂತ ಖಚಿತವಾದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಹಣದ ಮಾತು ಆಮೇಲೆ. ನೀರು ನಿಲ್ಲಿಸಿದಾಗ ಲೈನ್ ಖಾಲಿಯಾಗುತ್ತಾ ಒಳಗಡೆ ಎಳೆತ ಹುಟ್ಟುತ್ತದೆ, ನೀರು ಹೊರಗೆ ಬರುತ್ತಿದ್ದ ತೂತಿನಿಂದಲೇ ಸುತ್ತಲಿನ ಕೊಳೆ ನೀರು ಒಳಗೆ ಹೋಗುತ್ತದೆ, ಮತ್ತೆ ನೀರು ಬಿಟ್ಟಾಗ ಅದೇ ಮೊದಲು ಸಂಪಿಗೆ ಬೀಳುತ್ತದೆ. ಮೊದಲ ಐದು ನಿಮಿಷ ಬರುವ ನೀರಿಗೆ ವಾಸನೆ ಇದೆಯಾ, ಬಣ್ಣ ಇದೆಯಾ ನೋಡಿ. ಇದ್ದರೆ ಅವತ್ತಿನಿಂದಲೇ ಕುಡಿಯುವ ನೀರು ಕುದಿಸಿ, ಸಂಪು ತೊಳೆಸಿ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಇದನ್ನು ಬಿಲ್ಲಿಗಿಂತ ದೊಡ್ಡ ವಿಷಯ ಅಂತ ತಿಳಿಯಿರಿ. ಸೋರಿಕೆ ಮೀಟರಿಗಿಂತ ಹಿಂದೆ, ರಸ್ತೆಯ ಕಡೆ ಕಂಡರೆ ಅದು ನಿಮ್ಮ ಬಿಲ್ಲಿಗೆ ಸೇರಲ್ಲ, ಆದರೂ 1916ಕ್ಕೆ ಫೋನ್ ಮಾಡಿ ಜಲಮಂಡಳಿಗೆ ತಿಳಿಸಿ. ರಸ್ತೆಯನ್ನು ನೀವಾಗಿ ಅಗೆಸಬೇಡಿ.

ಈಗ ರಿಪೇರಿ. 22 ವರ್ಷದ ಜಿಐ ಪೈಪಿನಲ್ಲಿ ಒಂದು ತೂತು ಸಿಕ್ಕಿದರೆ ಸೈಕಲ್ ಟ್ಯೂಬ್ ಸುತ್ತೋದು, ಕ್ಲ್ಯಾಂಪ್ ಹಾಕೋದು ನಾಲ್ಕು ದಿನದ ಮಟ್ಟಿಗೆ ಸರಿ. ಪಕ್ಕದ ಅಡಿ ಕೂಡ ಅಷ್ಟೇ ಹಳೆಯದು, ಆರು ತಿಂಗಳಿಗೆ ಅದೂ ಹೋಗುತ್ತದೆ. ಆ ತುಂಡು ಪೂರ್ತಿ ಬದಲಾಯಿಸಿ. ಹಾಗಂತ ಅದೇ ದಾರಿಯಲ್ಲಿ ಅಗೆಯಲೇಬೇಕು ಅಂತಿಲ್ಲ. ಹಳೇ ಪೈಪಿನ ಎರಡೂ ತುದಿಗೆ ಡಮ್ಮಿ ಹಾಕಿ ನೆಲದಲ್ಲೇ ಬಿಟ್ಟು, ಹೊಸದನ್ನು ಕಾಂಪೌಂಡ್ ಗೋಡೆಯ ಬುಡದಲ್ಲಿ ಕ್ಲಿಪ್ ಹೊಡೆದು ಮೇಲೇ ತರಬಹುದು. ನಿಮ್ಮ ಟೈಲ್ಸ್ ಉಳಿಯುತ್ತದೆ, ಮುಂದೆ ಸೋರಿದರೆ ಕಣ್ಣಿಗೂ ಕಾಣುತ್ತದೆ. ಬಿಸಿಲು ಬೀಳುವ ಕಡೆ ಪ್ಲಾಸ್ಟಿಕ್ ಪೈಪಿಗೆ ಬಣ್ಣ ಬಳಿಯಿರಿ ಅಥವಾ ಹೊದಿಕೆ ಹಾಕಿಸಿ, ಬಿಸಿಲಿಗೆ ಅದು ಪೆಡಸಾಗಿ ಸೀಳುತ್ತದೆ. ಅಗೆಯಲೇಬೇಕಾದರೆ ಕಾರು ಹತ್ತುವ ಕಡೆ ಒಂದೂವರೆ ಅಡಿ ಆಳ, ಕೆಳಗೂ ಮೇಲೂ ಮರಳು, ಸ್ಯಾನಿಟರಿ ಪೈಪನ್ನು ದಾಟುವ ಕಡೆ ನೀರಿನ ಪೈಪು ಮೇಲೆ. ಮುಚ್ಚುವ ಮೊದಲು ಪಂಪಿನಲ್ಲಿ ಒತ್ತಿ ನೋಡಿ, ಟೇಪ್ ಹಿಡಿದು ಕಾಂಪೌಂಡಿನಿಂದ ಎಷ್ಟು ದೂರ ಅಂತ ಕಾಣುವ ಹಾಗೆ ಫೋಟೋ ತೆಗೆದಿಡಿ.

ನಿಮ್ಮ ಕಳವಳ ನನಗೆ ಅರ್ಥವಾಗುತ್ತದೆ. ಆ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಮೂರು ಹಂತದಲ್ಲಿ ಪಂಪ್ ಆಗಿ ನಿಮ್ಮ ಗೇಟಿಗೆ ಬರುತ್ತದೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಬಂದಿದ್ದು ನಿಮಗೂ ನೆನಪಿರಬೇಕು. ಆ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತವರ ಮನೆಗಳಲ್ಲೂ ಹೀಗೇ ನೆಲದೊಳಗೆ ಸೋರುತ್ತಿದ್ದುದನ್ನು ನಾನೇ ನೋಡಿದ್ದೇನೆ, ತುಂಬಾ ಸಂಕಟವಾಯಿತು.

ಇವತ್ತು ರಾತ್ರಿ ನೀಲಿ ಹಾಕಿ. ನೀರು ಬಿಡದ ಮುಂದಿನ ದಿನ ಸಂಪಿಗೂ ಟ್ಯಾಂಕಿಗೂ ಗೆರೆ ಹಾಕಿ, ರಾತ್ರಿ ಮತ್ತು ಬೆಳಗಿನ ಅಳತೆ, ಸಂಪಿನ ಉದ್ದ ಅಗಲ, ಟ್ಯಾಂಕಿನ ಬುಡದ ವಾಲ್ವುಗಳ ಒಂದು ಫೋಟೋ ಕಳಿಸಿ. ಮುಂದಿನ ಗಿಡಗಳಿಗೆ ನಲ್ಲಿ ಇದೆಯಾ, ಅದರ ಪೈಪು ಎಲ್ಲಿಂದ ಬಂದಿದೆ ಅಂತ ಮನೆ ಕಟ್ಟಿಸಿದಾಗ ಜೊತೆಗಿದ್ದ ಹಿರಿಯರನ್ನು ಕೇಳಿ ಬರೆಯಿರಿ. ಅದನ್ನು ನೋಡಿ ಯಾವ ಲೈನ್ ಅಂತ ಹೇಳುತ್ತೇನೆ.